ಮಿಷಿಗನ್ ಸರೋವರದ ಕಲ್ಲಿದ್ದಲು ಹಡಗು: ‘ಬ್ಯಾಡ್ಜರ್’ ಇಂದಿಗೂ ಉಗಿಯಲ್ಲೇ ಓಡುವುದೇಕೆ?

ಪ್ರಶ್ನೆ: ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿರುವ ಮಗಳ ಮನೆಗೆ ಹೋಗುವವರಿದ್ದೇವೆ. ಅಲ್ಲಿಂದ ವಿಸ್ಕಾನ್ಸಿನ್‌ಗೆ ಹೋಗಲು ಕಾರನ್ನೇ ಹಡಗಿಗೆ ಹತ್ತಿಸಿ ಸರೋವರ ದಾಟಬಹುದಂತೆ, ಆ ಹಡಗು ಈಗಲೂ ಕಲ್ಲಿದ್ದಲಿನಲ್ಲಿ ಓಡುತ್ತದಂತೆ. ಮೊದಲು ಅದು ರೈಲಿನ ಡಬ್ಬಿಗಳನ್ನು ಸಾಗಿಸುತ್ತಿತ್ತು ಅನ್ನುವುದು ನಿಜವೇ? ಇಷ್ಟು ವರ್ಷವಾದರೂ ಡೀಸೆಲ್‌ಗೆ ಬದಲಾಗದಿರಲು ಕಾರಣವೇನು? ಅಷ್ಟೊಂದು ಬೂದಿ ಎಲ್ಲಿಗೆ ಹೋಗುತ್ತದೆ?

ಉತ್ತರ: ನೀವು ಕೇಳಿರುವುದು ‘ಎಸ್‌.ಎಸ್. ಬ್ಯಾಡ್ಜರ್’ ಬಗ್ಗೆ. ಮಿಷಿಗನ್ ರಾಜ್ಯದ ಲಡಿಂಗ್ಟನ್‌ನಿಂದ ವಿಸ್ಕಾನ್ಸಿನ್‌ನ ಮ್ಯಾನಿಟೊವಾಕ್‌ಗೆ, ಸುಮಾರು 60 ಮೈಲಿ ನೀರನ್ನು ನಾಲ್ಕು ಗಂಟೆಯಲ್ಲಿ ದಾಟುತ್ತದೆ. ರೈಲು ಡಬ್ಬಿ ಸಾಗಿಸುತ್ತಿತ್ತು ಅನ್ನುವುದು ನೂರಕ್ಕೆ ನೂರು ನಿಜ. ಅಷ್ಟೇ ಅಲ್ಲ, ಅದನ್ನು ಕಟ್ಟಿದ್ದೇ ಅದಕ್ಕಾಗಿ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಹಡಗು ಹಿಂದುಹಿಂದಾಗಿ ದಕ್ಕೆಗೆ ಬರುವುದು, ಕಾರುಗಳು ನಿಲ್ಲುವ ಅಟ್ಟ ಅಷ್ಟು ಎತ್ತರವಾಗಿರುವುದು, ಕಲ್ಲಿದ್ದಲು ಉರಿಸುವುದು, ಇವೆಲ್ಲ ಗೂಡ್ಸ್ ರೈಲಿನ ಲೆಕ್ಕಾಚಾರದಿಂದ ಬಂದವು.

ಭೂಪಟ ಬಿಡಿಸಿ ನೋಡಿ. ಮಿಷಿಗನ್ ಸರೋವರ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಮಲಗಿದೆ. ಅದರ ತಳದ ತುದಿಯಲ್ಲಿ ಷಿಕಾಗೋ. ಪೂರ್ವದ ದಂಡೆಯಿಂದ ಪಶ್ಚಿಮಕ್ಕೆ ಹೋಗುವ ಸರಕೆಲ್ಲ ಷಿಕಾಗೋ ಸುತ್ತಿಕೊಂಡೇ ಹೋಗಬೇಕು. ಅಲ್ಲಿನ ಯಾರ್ಡುಗಳಲ್ಲಿ ವ್ಯಾಗನ್‌ಗಳು ದಿನಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಮೊದಲು ರೈಲ್ವೆಗಳು ಕಂಡುಕೊಂಡ ದಾರಿಯೆಂದರೆ ದಂಡೆಯಲ್ಲಿ ಮೂಟೆ ಇಳಿಸಿ, ಹಡಗಿಗೆ ತುಂಬಿ, ಆಚೆ ದಂಡೆಯಲ್ಲಿ ಮತ್ತೆ ಇನ್ನೊಂದು ವ್ಯಾಗನ್‌ಗೆ ತುಂಬುವುದು. ಕೂಲಿ, ಸಮಯ, ಒಡೆದು ಹಾಳಾಗುವ ಮಾಲು, ಮೂರೂ ನಷ್ಟ. ವ್ಯಾಗನ್ನನ್ನೇ ಹಡಗಿಗೆ ಏರಿಸಿದರೆ ಈ ಎಲ್ಲ ತಾಪತ್ರಯ ತಪ್ಪುತ್ತದೆ. ನದಿಗಳಲ್ಲಿ, ಜಲಸಂಧಿಗಳಲ್ಲಿ ಆಗಲೇ ಇದು ನಡೆದಿತ್ತು. ದಂಡೆ ಕಾಣದ ತೆರೆದ ನೀರಿನಲ್ಲಿ, ಚಂಡಮಾರುತದ ತಿಂಗಳುಗಳಲ್ಲಿ ಸಾಧ್ಯವೇ ಅನ್ನುವುದೇ ಅನುಮಾನವಿತ್ತು. 1892ರ ನವೆಂಬರ್‌ನಲ್ಲಿ ‘ಆನ್ ಆರ್ಬರ್ ನಂ. 1’ ಎಂಬ ಮರದ ಹಡಗು ಕಲ್ಲಿದ್ದಲು ತುಂಬಿದ ವ್ಯಾಗನ್‌ಗಳನ್ನು ಹೊತ್ತು ಫ್ರ್ಯಾಂಕ್‌ಫರ್ಟ್ ಎಂಬ ಊರಿನಿಂದ (ಇದು ಮಿಷಿಗನ್‌ನ ಫ್ರ್ಯಾಂಕ್‌ಫರ್ಟ್) ವಿಸ್ಕಾನ್ಸಿನ್ ದಂಡೆಯ ಕಿವಾನೀಗೆ ದಾಟಿ ಆ ಅನುಮಾನ ತೀರಿಸಿತು. 1897ರ ಫೆಬ್ರವರಿಯಲ್ಲಿ ‘ಪಿಯರ್ ಮಾರ್ಕೆಟ್’ ಎಂಬ ಉಕ್ಕಿನ ಹಡಗು ಲಡಿಂಗ್ಟನ್‌ನಿಂದ ಮ್ಯಾನಿಟೊವಾಕ್‌ಗೆ ಹೋಯಿತು. ನೀವು ಹೋಗಲಿರುವುದು ಇದೇ ದಾರಿಯಲ್ಲಿ.

ಆ 1897ರ ಹಡಗಿನ ವಿನ್ಯಾಸವೇ ಮುಂದಿನ ಎಲ್ಲ ಹಡಗುಗಳಿಗೂ ಮೂಲವಾಯಿತು. ಉದ್ದಕ್ಕೂ ನಾಲ್ಕು ಹಳಿ ಹಾಸಿದ ಅಟ್ಟ, ಮುಚ್ಚಿದ ಮೂತಿ, ತೆರೆದ ಹಿಂಬದಿ. ಮೂತಿಯನ್ನು ಮುಚ್ಚಿದ್ದಕ್ಕೆ ಕಾರಣ ಚಳಿಗಾಲ. ವರ್ಷಪೂರ್ತಿ ಓಡಬೇಕಾದ ಹಡಗು ಮೂತಿಯಿಂದ ಮಂಜುಗಡ್ಡೆ ಒಡೆಯಬೇಕು, ಎದುರಲೆಗೆ ಮುಖ ಕೊಡಬೇಕು. ಅಲ್ಲಿ ಬಾಗಿಲು ಇಟ್ಟರೆ ಬಲ ಹೋಗುತ್ತದೆ. ಹಾಗಾಗಿ ವ್ಯಾಗನ್ ಏರಬೇಕಾದ್ದೂ ಇಳಿಯಬೇಕಾದ್ದೂ ಹಿಂಬದಿಯಿಂದಲೇ. ಅಂದಮೇಲೆ ಹಡಗು ಪ್ರತಿ ಸಲವೂ ದಕ್ಕೆಗೆ ಬೆನ್ನು ಹಾಕಿಯೇ ಬರಬೇಕು. ಲಡಿಂಗ್ಟನ್‌ನಲ್ಲಿ ಇದನ್ನು ನೀವೇ ನೋಡುತ್ತೀರಿ. ಬಂದರಿನೊಳಗೆ ಬಂದ ಹಡಗು ಬಲಗಡೆಯ ಲಂಗರು ಬಿಡುತ್ತದೆ. ಮೂತಿ ಅಲ್ಲಿಗೆ ಹಿಡಿದುಕೊಂಡ ಹಾಗೆ ನಿಲ್ಲುತ್ತದೆ. ಎರಡು ಪ್ರೊಪೆಲ್ಲರ್‌ಗಳಲ್ಲಿ ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸುತ್ತಾರೆ. 410 ಅಡಿ ಉದ್ದದ ಹಡಗು ಲಂಗರನ್ನೇ ಗೂಟ ಮಾಡಿಕೊಂಡು ಸುತ್ತ ತಿರುಗಿ, ನಿಧಾನಕ್ಕೆ ಹಿಂದೆ ಸರಿದು ದಕ್ಕೆಯ ಬಾಯಿಗೆ ಕೂರುತ್ತದೆ. ದಡದಲ್ಲಿ ನಿಂತು ಒಮ್ಮೆ ಇದನ್ನು ನೋಡಲೇಬೇಕು. ಟಿಕೆಟ್ ಇಲ್ಲದಿದ್ದರೂ ನೋಡಬಹುದು.

ವ್ಯಾಗನ್ ತುಂಬುವ ಕೆಲಸ ಹೊರಗಿನವರಿಗೆ ಕಂಡಷ್ಟು ಸುಲಭದ್ದಾಗಿರಲಿಲ್ಲ. ದಕ್ಕೆಗೂ ಹಡಗಿಗೂ ನಡುವಿನ ಸೇತುವೆಯ ಮೇಲೆ ಎಂಜಿನ್ನಿನ ಭಾರ ಬೀಳಬಾರದು. ಅದಕ್ಕೆ ಎಂಜಿನ್ನಿಗೂ ವ್ಯಾಗನ್‌ಗೂ ಮಧ್ಯೆ ಖಾಲಿ ಡಬ್ಬಿಗಳನ್ನು ಪೋಣಿಸಿ ದೂರದಿಂದಲೇ ತಳ್ಳುತ್ತಿದ್ದರು. ಹೊರಗಿನ ಒಂದು ಹಳಿಯನ್ನು ಪೂರ್ತಿ ತುಂಬಿಬಿಟ್ಟರೆ ಹಡಗು ದಕ್ಕೆಯಲ್ಲೇ ವಾಲುತ್ತದೆ. ಆದ್ದರಿಂದ ನಡುವಿನ ಹಳಿಗಳನ್ನೂ ಅಂಚಿನ ಹಳಿಗಳನ್ನೂ ತೂಕ ನೋಡಿಕೊಂಡು, ಅಂಚಿನವನ್ನು ಅರ್ಧರ್ಧವಾಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತುಂಬಬೇಕಿತ್ತು. ಆಮೇಲೆ ಪ್ರತಿ ವ್ಯಾಗನ್ನಿನ ಚೌಕಟ್ಟಿನ ಕೆಳಗೆ ಸ್ಕ್ರೂ ಜಾಕ್ ಕೊಟ್ಟು ಸ್ಪ್ರಿಂಗ್ ಮೇಲಿನ ಭಾರ ತೆಗೆಯುವುದು, ಅಟ್ಟಕ್ಕೆ ಸರಪಳಿ ಬಿಗಿಯುವುದು, ಚಕ್ರಗಳಿಗೆ ಹಳಿಯ ಮೇಲೆ ಕ್ಲ್ಯಾಂಪ್ ಹಾಕುವುದು. ಜಾಕ್ ಯಾಕೆಂದರೆ, ಸ್ಪ್ರಿಂಗ್ ಮೇಲೆ ಕುಳಿತ ವ್ಯಾಗನ್ ಹಡಗಿನ ಹೊಯ್ದಾಟಕ್ಕೆ ತಾನೂ ತೂಗಾಡಿ ಸರಪಳಿಯನ್ನು ಜಗ್ಗುತ್ತದೆ. ಒಂದು ಸರಪಳಿ ಕಡಿದರೆ ತುಂಬಿದ ವ್ಯಾಗನ್ ಪಕ್ಕದ್ದಕ್ಕೆ ಗುದ್ದುತ್ತದೆ, ಅಲ್ಲಿಂದ ಅನಾಹುತ.

ನಿಜವಾದ ಭಯ ಹಿಂಬದಿಯದು. ಹಳಿಗಳ ಅಟ್ಟ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಡ್ಡಗೋಡೆಯಿಲ್ಲದ ಬಯಲು. ಅದರ ಮೇಲೆ ಒಂದಡಿ ನೀರು ನಿಂತರೂ ಹಡಗು ಒಂದು ಕಡೆ ಸ್ವಲ್ಪ ವಾಲಿದೊಡನೆ ನೀರೆಲ್ಲ ಆ ಕಡೆಗೇ ಓಡಿ ವಾಲಿಕೆಯನ್ನು ಹೆಚ್ಚಿಸುತ್ತದೆ. ವಾಹನ ಸಾಗಿಸುವ ಎಲ್ಲ ಹಡಗುಗಳ ಪ್ರಾಣಾಂತಿಕ ದೌರ್ಬಲ್ಯ ಇದೇ. 1910ರ ಸೆಪ್ಟೆಂಬರ್‌ನಲ್ಲಿ ಲಡಿಂಗ್ಟನ್‌ನಿಂದ ಹೊರಟ ‘ಪಿಯರ್ ಮಾರ್ಕೆಟ್ 18’ ಹಿಂಭಾಗದಲ್ಲಿ ನೀರು ತುಂಬಿಕೊಂಡು ಮುಳುಗಿತು. ಭಾರ ಇಳಿಸಲೆಂದು ವ್ಯಾಗನ್‌ಗಳನ್ನೇ ಸರೋವರಕ್ಕೆ ತಳ್ಳಿದರೂ ಉಳಿಯಲಿಲ್ಲ. 1929ರ ಅಕ್ಟೋಬರ್ 22ರಂದು ಗ್ರ್ಯಾಂಡ್ ಟ್ರಂಕ್ ಸಂಸ್ಥೆಯ ‘ಮಿಲ್ವಾಕೀ’ ಬಿರುಗಾಳಿಯಲ್ಲಿ ಹೊರಟು ಮುಳುಗಿತು, ಹಡಗಿನಲ್ಲಿದ್ದವರೆಲ್ಲ ತೀರಿಕೊಂಡರು. ಹಡಗಿನ ಲೆಕ್ಕಿಗ ಬರೆದಿಟ್ಟ ಚೀಟಿ ನೀರುಹೋಗದ ಡಬ್ಬದಲ್ಲಿ ದಡಕ್ಕೆ ಬಂದು ಸಿಕ್ಕಿತು. ಹಿಂಬದಿಯ ಉಕ್ಕಿನ ಗೇಟು ಒಳಕ್ಕೆ ಬಾಗಿದೆ, ಪಂಪುಗಳು ಓಡುತ್ತಿವೆ, ಆದರೂ ನೀರು ತಡೆಯಲಾಗುತ್ತಿಲ್ಲ, ಅಟ್ಟದ ಕೆಳಗಿನ ಸಿಬ್ಬಂದಿ ಕೋಣೆಗಳು ತುಂಬಿವೆ ಎಂದು ಅದರಲ್ಲಿ ಬರೆದಿತ್ತು. ಆ ಸ್ಥಿತಿಯಲ್ಲಿ ಕೂತು ಮುಂದಿನವರಿಗೆ ಕಾರಣ ಬರೆದಿಟ್ಟ ಆ ಮನುಷ್ಯನ ಕರ್ತವ್ಯಪ್ರಜ್ಞೆಗೆ ಕೈಮುಗಿಯಬೇಕು.

ಇನ್ನು ಬ್ಯಾಡ್ಜರ್. 1947ರಲ್ಲಿ ಪಿಯರ್ ಮಾರ್ಕೆಟ್ ರೈಲ್ವೆ ಚೆಸಪೀಕ್ ಅಂಡ್ ಓಹಾಯೊ ರೈಲ್ವೆಯಲ್ಲಿ ವಿಲೀನವಾಯಿತು. ಹೊಸ ಯಜಮಾನರು ಸ್ಟರ್ಜನ್ ಬೇ ಊರಿನ ಕ್ರಿಸ್ಟಿ ಕಾರ್ಪೊರೇಷನ್‌ನಲ್ಲಿ ಎರಡು ಅವಳಿ ಹಡಗು ಕಟ್ಟಿಸಿದರು: ‘ಸ್ಪಾರ್ಟನ್’ ಮತ್ತು ‘ಬ್ಯಾಡ್ಜರ್’. ಬ್ಯಾಡ್ಜರ್ 1952ರ ಸೆಪ್ಟೆಂಬರ್‌ನಲ್ಲಿ ನೀರಿಗಿಳಿದು, 1953ರ ಮಾರ್ಚ್‌ನಲ್ಲಿ ಸೇವೆ ಆರಂಭಿಸಿತು. ಅಗಲ ಸುಮಾರು 59 ಅಡಿ, ಒಂದು ಸಲಕ್ಕೆ ಮೂವತ್ತಕ್ಕೂ ಹೆಚ್ಚು ವ್ಯಾಗನ್. ಮೇಲಿನ ಅಂತಸ್ತುಗಳಲ್ಲಿ ಪ್ರಯಾಣಿಕರಿಗೆ ಕೋಣೆ, ಊಟದ ಹಾಲ್, ಲೌಂಜ್. ಪ್ರಯಾಣಿಕರು ಆಗ ಉಪ ಆದಾಯ, ಮೂಲ ಆದಾಯ ಸರಕಿನದು. ಕಡೆಗೆ ಹಡಗನ್ನು ಉಳಿಸಿದ್ದು ಮಾತ್ರ ಈ ಉಪ ಆದಾಯವೇ.

1950ರ ಹೊತ್ತಿಗೆ ರೈಲ್ವೆಗಳೇ ಡೀಸೆಲ್‌ಗೆ ಹೊರಳುತ್ತಿದ್ದವು. ಆಗ ಯಾಕೆ ಕಲ್ಲಿದ್ದಲು? ಚೆಸಪೀಕ್ ಅಂಡ್ ಓಹಾಯೊ ಬದುಕಿದ್ದೇ ಅಪಲೇಚಿಯನ್ ಗಣಿಗಳ ಕಲ್ಲಿದ್ದಲು ಸಾಗಿಸಿ. ಇಂಧನ ಅವರ ಹಳಿಯ ಮೇಲೆಯೇ ಬರುತ್ತಿತ್ತು, ಅವರ ದೊಡ್ಡ ಗಿರಾಕಿಗಳು ಗಣಿ ಮಾಲೀಕರೇ. ಹಾಗೆಂದು ಹಳೆಯ ಕಾಲದ ಬಾಯ್ಲರ್ ಕೂರಿಸಲಿಲ್ಲ. ಫಾಸ್ಟರ್ ವೀಲರ್ ಕಂಪನಿಯ ನಾಲ್ಕು ‘ಡಿ’ ಮಾದರಿಯ ಬಾಯ್ಲರ್‌ಗಳಿವೆ. ಮೇಲೊಂದು ಡ್ರಮ್, ಕೆಳಗೊಂದು ಡ್ರಮ್, ಎರಡನ್ನೂ ಸೇರಿಸುವ ಕೊಳವೆಗಳೊಳಗೆ ನೀರು, ಹೊರಗೆ ಬೆಂಕಿ. ಸಲಿಕೆಯಲ್ಲಿ ಕಲ್ಲಿದ್ದಲು ಎಸೆಯುವವರಿಲ್ಲ. ಸ್ಪ್ರೆಡರ್ ಸ್ಟೋಕರ್ ಎಂಬ ಯಂತ್ರ ತಿರುಗುವ ಅಲಗುಗಳಿಂದ ಕಲ್ಲಿದ್ದಲನ್ನು ಒಲೆಯೊಳಗೆ ಚೆಲ್ಲುತ್ತದೆ. ಪುಡಿ ಗಾಳಿಯಲ್ಲೇ ಉರಿಯುತ್ತದೆ, ಗಟ್ಟಿ ಚೂರುಗಳು ಕೆಳಗಿನ ಜಾಲರಿಯ ಮೇಲೆ ತೆಳ್ಳನೆಯ ಹಾಸಾಗಿ ಬಿದ್ದು ಉರಿಯುತ್ತವೆ.

ಈ ವ್ಯವಸ್ಥೆಗೆ ಎಂಥ ಕಲ್ಲಿದ್ದಲು ಹಾಕಿದರೂ ನಡೆಯುವುದಿಲ್ಲ. ಪುಡಿ ಹೆಚ್ಚಾದರೆ ಅರ್ಧ ಉರಿದ ಕಣಗಳು ಚಿಮಣಿಯಿಂದ ಹಾರಿಹೋಗುತ್ತವೆ, ಕಪ್ಪು ಹೊಗೆ ಬರುತ್ತದೆ. ಚೂರು ತೀರ ದಪ್ಪವಾದರೆ ಹಾಸು ಸಮನಾಗಿ ಬೀಳುವುದಿಲ್ಲ. ತೇವ ಜಾಸ್ತಿಯಾದರೆ ಸ್ಟೋಕರ್‌ಗೆ ಕಲ್ಲಿದ್ದಲು ಉಣಿಸುವ ಬುಟ್ಟಿಯಲ್ಲೇ ಅಂಟಿಕೊಂಡು ಕೆಳಗಿಳಿಯುವುದಿಲ್ಲ. ಬೂದಿ ಕಡಿಮೆ ಶಾಖಕ್ಕೇ ಕರಗುವ ಜಾತಿಯದಾದರೆ ಜಾಲರಿಯ ಮೇಲೆ ಕಿಟ್ಟ ಕಟ್ಟಿ ಗಾಳಿಯ ದಾರಿ ಮುಚ್ಚುತ್ತದೆ. ಗಾಳಿ ತಪ್ಪಿದ ಜಾಗದಲ್ಲಿ ಜಾಲರಿಯೇ ಸುಟ್ಟುಹೋಗುತ್ತದೆ. ಹೊಗೆ ಅತಿ ಹೆಚ್ಚಾಗಿ ಕಾಣುವುದು ದಕ್ಕೆಗೆ ಬರುವಾಗ. ಕ್ಯಾಪ್ಟನ್ ಎಂಜಿನ್ನನ್ನು ನಿಲ್ಲಿಸು, ಹಿಂದಕ್ಕೆ, ಮುಂದಕ್ಕೆ ಅನ್ನುತ್ತಿರುತ್ತಾರೆ, ಉಗಿಯ ಬೇಡಿಕೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಜಾಲರಿಯ ಮೇಲಿನ ಬೆಂಕಿ ಅಷ್ಟು ಬೇಗ ಬದಲಾಗದು. ಗಾಳಿಗೂ ಕಲ್ಲಿದ್ದಲಿಗೂ ತಾಳ ತಪ್ಪಿದ ಆ ನಿಮಿಷಗಳ ಗುರುತೇ ಕಪ್ಪು ಹೊಗೆ.

ಎಂಜಿನ್ ಕೋಣೆಗೆ ಬಂದರೆ ನನ್ನ ಮೆಚ್ಚಿನ ಭಾಗ. ಪೆನ್ಸಿಲ್ವೇನಿಯಾದ ಈರೀ ಊರಿನ ಸ್ಕಿನ್ನರ್ ಕಂಪನಿ ಮಾಡಿದ ಎರಡು ‘ಯೂನಾಫ್ಲೋ’ ಎಂಜಿನ್‌ಗಳು, ಒಂದೊಂದೂ 3,500 ಅಶ್ವಶಕ್ತಿ. ಸಾಮಾನ್ಯ ಉಗಿಯಂತ್ರದಲ್ಲಿ ಬಿಸಿ ಉಗಿ ಒಳಬರುವುದೂ, ಕೆಲಸ ಮುಗಿಸಿ ತಣಿದ ಉಗಿ ಹೊರಹೋಗುವುದೂ ಸಿಲಿಂಡರಿನ ಅದೇ ತುದಿಯಲ್ಲಿ. ಪ್ರತಿ ಸಲ ತಣಿದ ಉಗಿ ಹೋಗುವಾಗ ಅಲ್ಲಿನ ಗೋಡೆ ತಣ್ಣಗಾಗುತ್ತದೆ; ಮರುಕ್ಷಣ ಬಂದ ಬಿಸಿ ಉಗಿಯ ಒಂದು ಪಾಲು ಆ ಗೋಡೆಗೆ ತಾಗಿ ನೀರಾಗಿ ವ್ಯರ್ಥವಾಗುತ್ತದೆ. ಯೂನಾಫ್ಲೋದಲ್ಲಿ ಉಗಿ ತುದಿಯಿಂದ ಬಂದು, ಸಿಲಿಂಡರಿನ ನಡುಭಾಗದಲ್ಲಿ ಸುತ್ತಲೂ ಇರುವ ಕಿಂಡಿಗಳಿಂದ ಹೊರಹೋಗುತ್ತದೆ. ಪಿಸ್ಟನ್ ಆ ಕಿಂಡಿಗಳನ್ನು ದಾಟಿದಾಗ ಅವು ತೆರೆದುಕೊಳ್ಳುತ್ತವೆ, ಮರಳುವಾಗ ಮುಚ್ಚಿಕೊಳ್ಳುತ್ತವೆ. ಹೀಗೆ ಬಿಸಿ ತುದಿ ಬಿಸಿಯಾಗಿಯೇ, ತಣ್ಣನೆಯ ನಡು ತಣ್ಣಗೇ ಉಳಿಯುತ್ತದೆ. ಬ್ಯಾಡ್ಜರ್‌ನ ಎಂಜಿನ್‌ಗಳಲ್ಲಿ ಇದರ ಜೊತೆಗೆ ಹೆಚ್ಚು ಒತ್ತಡದ ಚಿಕ್ಕ ಸಿಲಿಂಡರು ಮೇಲೆ, ಕಡಿಮೆ ಒತ್ತಡದ ದೊಡ್ಡದು ಅದರ ನೇರ ಕೆಳಗೆ, ಎರಡಕ್ಕೂ ಒಂದೇ ಪಿಸ್ಟನ್ ದಂಡ. ಒಂದೇ ಉಗಿಯಿಂದ ಎರಡು ಸಲ ಕೆಲಸ, ಎಂಜಿನ್ನಿನ ಉದ್ದವೂ ಕಡಿಮೆ.

ಈ ವಿನ್ಯಾಸಕ್ಕೆ ಒಂದು ಸೂಕ್ಷ್ಮ ಇದೆ. ಪಿಸ್ಟನ್ ಮರಳುವಾಗ ಕಿಂಡಿಗಳು ಬೇಗ ಮುಚ್ಚುವುದರಿಂದ ಒಳಗುಳಿದ ಉಗಿ ಬಹುದೂರದವರೆಗೆ ಒತ್ತಲ್ಪಡುತ್ತದೆ. ಕೆಲಸ ಮುಗಿಸಿದ ಉಗಿಯನ್ನು ತಣಿಸಿ ನೀರಾಗಿಸುವ ಕಂಡೆನ್ಸರ್‌ನಲ್ಲಿ ನಿರ್ವಾತ ಚೆನ್ನಾಗಿದ್ದರೆ ಉಳಿದಿರುವ ಉಗಿಯೇ ಅತ್ಯಲ್ಪ, ತೊಂದರೆಯಿಲ್ಲ. ನಿರ್ವಾತ ಕೆಟ್ಟರೆ ಅದೇ ಉಗಿ ತುದಿಯಲ್ಲಿ ಮಿತಿಮೀರಿದ ಒತ್ತಡಕ್ಕೇರುತ್ತದೆ. ಹಾಗಾಗಿ ಎಂಜಿನಿಯರ್‌ಗಳ ಕಣ್ಣು ನಿರ್ವಾತದ ಮಾಪಕದ ಮೇಲೆ ಇದ್ದೇ ಇರಬೇಕು. ಇನ್ನೊಂದು ಎಣ್ಣೆಯ ಸಮಸ್ಯೆ. ಸಿಲಿಂಡರಿಗೆ ಹಾಕಿದ ಎಣ್ಣೆ ಉಗಿಯ ಜೊತೆ ಕಂಡೆನ್ಸರ್ ಸೇರಿ, ಅಲ್ಲಿಂದ ನೀರಿನೊಡನೆ ಮತ್ತೆ ಬಾಯ್ಲರಿಗೆ ಹೋಗಬಾರದು. ಕೊಳವೆಯ ಒಳಗೆ ತೆಳ್ಳನೆಯ ಎಣ್ಣೆಯ ಪದರ ಕೂತರೂ ಶಾಖ ನೀರಿಗೆ ದಾಟುವುದಿಲ್ಲ, ಲೋಹವೇ ಕಾದು ಮೆತ್ತಗಾಗಿ ಉಬ್ಬಿ ಒಡೆಯುತ್ತದೆ. ಉಗಿಯಂತ್ರದ ಹಡಗಿನಲ್ಲಿ ನೀರು ಸೋಸುವುದು ಬೆಂಕಿ ನೋಡಿಕೊಳ್ಳುವಷ್ಟೇ ಮುಖ್ಯ ಕೆಲಸ.

ಇಷ್ಟೆಲ್ಲ ರಗಳೆ ಇದ್ದರೂ ಈ ಎಂಜಿನ್ನನ್ನು ಯಾಕೆ ಆರಿಸಿದರು? ಈ ಹಡಗು ದಿನವೂ ದಕ್ಕೆಯಲ್ಲಿ ಹಿಂದೆ ಮುಂದೆ ಮಾಡಬೇಕು. ಉಗಿ ಟರ್ಬೈನ್ ಹಿಂದಕ್ಕೆ ತಿರುಗದು, ಅದಕ್ಕೆ ಬೇರೆ ಟರ್ಬೈನ್ ಬೇಕು, ಗೇರ್ ಬೇಕು. ಪಿಸ್ಟನ್ ಎಂಜಿನ್ ನೇರವಾಗಿ ಪ್ರೊಪೆಲ್ಲರ್ ದಂಡಕ್ಕೆ ಜೋಡಿಸಿದ್ದು. ಕವಾಟಗಳ ಹೊತ್ತು ಬದಲಿಸಿದರೆ ಕೆಲವೇ ಕ್ಷಣದಲ್ಲಿ ಪೂರ್ಣ ಬಲದೊಂದಿಗೆ ಹಿಂದಕ್ಕೆ ತಿರುಗುತ್ತದೆ. ಲಂಗರಿನ ಸುತ್ತ ಹಡಗು ತಿರುಗಿಸುವ ಆ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಎಂಜಿನ್ ಆಗ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ. 1996ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಘ ಈ ಯಂತ್ರವ್ಯವಸ್ಥೆಯನ್ನು ಎಂಜಿನಿಯರಿಂಗ್ ಸ್ಮಾರಕವೆಂದು ಗುರುತಿಸಿತು. 2016ರಲ್ಲಿ ಹಡಗೇ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು.

ವ್ಯಾಗನ್ ಕಾಲ ಮುಗಿದ ಕತೆ ಚಿಕ್ಕದು. ಡೀಸೆಲ್ ಎಂಜಿನ್‌ಗಳು ಬಂದು ಷಿಕಾಗೋ ಸುತ್ತಿ ಹೋಗುವುದೇ ಅಗ್ಗವಾಯಿತು, ಹಡಗಿನ ಸಿಬ್ಬಂದಿ ಖರ್ಚು ಏರಿತು. 1970ರ ದಶಕದಲ್ಲಿ ರೈಲ್ವೆ ಈ ಸೇವೆಯನ್ನು ನಿಲ್ಲಿಸಲು ಅನುಮತಿ ಕೇಳಿತು. ಮಿಲ್ವಾಕೀ ನಗರಕ್ಕೆ ಹೋಗುವ ಮಾರ್ಗ 1980ರಲ್ಲಿ, ಮ್ಯಾನಿಟೊವಾಕ್ 1982ರಲ್ಲಿ ನಿಂತವು. 1983ರಲ್ಲಿ ಲಡಿಂಗ್ಟನ್‌ನ ಖಾಸಗಿಯವರು ಕೊಂಡು ಕಿವಾನೀ ಮಾರ್ಗ ಒಂದನ್ನೇ ಎಳೆದರು. 1990ರ ನವೆಂಬರ್‌ನಲ್ಲಿ ಅದೂ ನಿಂತಿತು. ಮರುವರ್ಷ ಲಡಿಂಗ್ಟನ್‌ನವರೇ ಆದ ಚಾರ್ಲ್ಸ್ ಕಾನ್ರಾಡ್ ಹಡಗು ಕೊಂಡು, ವ್ಯಾಗನ್ ಪೂರ್ತಿ ಬಿಟ್ಟು, ಜನ ಮತ್ತು ವಾಹನಗಳಿಗಷ್ಟೇ ಎಂದು ಸಜ್ಜುಗೊಳಿಸಿ 1992ರಲ್ಲಿ ಮ್ಯಾನಿಟೊವಾಕ್‌ಗೆ ಮತ್ತೆ ಓಡಿಸಿದರು. ಇವತ್ತು ಬ್ಯಾಡ್ಜರ್ ಇದೆಯೆಂದರೆ ಅವರಿಂದ. 2020ರಿಂದ ಹಡಗು ಇಂಟರ್‌ಲೇಕ್ ಸಂಸ್ಥೆಯ ಒಡೆತನದಲ್ಲಿದೆ.

ಡೀಸೆಲ್‌ಗೆ ಬದಲಾಗದ ಕಾರಣ ಭಾವನಾತ್ಮಕ ಅಂದುಕೊಳ್ಳಬೇಡಿ. ಎಂಜಿನ್ ಬದಲಿಸುವುದೆಂದರೆ ಬಾಯ್ಲರ್, ದಂಡ, ಪಂಪು, ಬಿಸಿ ವ್ಯವಸ್ಥೆ, ವಿದ್ಯುತ್ತು, ಎಲ್ಲಕ್ಕೂ ಕೈಹಾಕಬೇಕು. ಅಷ್ಟು ದೊಡ್ಡ ಮಾರ್ಪಾಡು ಮಾಡಿದರೆ ಉಳಿದ ಭಾಗಗಳನ್ನೂ ಇಂದಿನ ಸುರಕ್ಷಾ ನಿಯಮಕ್ಕೆ ತರಬೇಕಾದೀತು. ಬೇರೆ ದೇಶದಿಂದ ಅಗ್ಗದ ಹಳೆಯ ಹಡಗು ತರೋಣವೆಂದರೆ ಅಮೆರಿಕದ ಕಾನೂನು ಅಡ್ಡ: ಅಲ್ಲಿನ ಎರಡು ಬಂದರುಗಳ ನಡುವೆ ಓಡುವ ಹಡಗು ಅಲ್ಲೇ ಕಟ್ಟಿದ್ದಾಗಿರಬೇಕು. ದಕ್ಷಿಣಕ್ಕೆ ಮಿಲ್ವಾಕೀ ಮತ್ತು ಮಸ್ಕೀಗನ್ ನಡುವೆ 2004ರಿಂದ ಓಡುವ ಡೀಸೆಲ್ ಕ್ಯಾಟಮರಾನ್ (ಜೋಡಿ ಒಡಲಿನ ಹಡಗು) ‘ಲೇಕ್ ಎಕ್ಸ್‌ಪ್ರೆಸ್’ ಸಹ ಅಲಬಾಮಾದಲ್ಲಿ ಕಟ್ಟಿದ್ದು. ಬ್ಯಾಡ್ಜರ್‌ಗೆ ಇನ್ನೂ ಎರಡು ಅನುಕೂಲಗಳಿವೆ. 1979ರಿಂದ ಲಡಿಂಗ್ಟನ್‌ನಲ್ಲೇ ನಿಂತಿದ್ದ ಅವಳಿ ಹಡಗು ಸ್ಪಾರ್ಟನ್‌ನಿಂದ ಅದೇ ಅಳತೆಯ ಬಿಡಿಭಾಗ ಸಿಗುತ್ತಿತ್ತು. ಎರಡನೆಯದು, ಇಲ್ಲಿನದು ಸಿಹಿನೀರು. ಉಪ್ಪುನೀರಿನಲ್ಲಿ ಇಷ್ಟು ವಯಸ್ಸಿನ ಹಡಗಿನ ತಗಡು ತುಕ್ಕು ತಿಂದು ಎಂದೋ ಗುಜರಿ ಸೇರಿರುತ್ತಿತ್ತು. ಕಂಡೆನ್ಸರ್ ಕೊಳವೆ ಸೋರಿ ಸರೋವರದ ನೀರು ಬಾಯ್ಲರಿಗೆ ಹೋದರೂ ಸಮುದ್ರದಲ್ಲಾಗುವಷ್ಟು ಹಾನಿ ಆಗುವುದಿಲ್ಲ.

ಬೂದಿಯ ಬಗ್ಗೆ ನೇರವಾಗಿ ಹೇಳಬೇಕು. ಹೆಚ್ಚು ಓಡಾಟವಿರುವ ದಿನಗಳಲ್ಲಿ ಹಡಗು ಸುಮಾರು 55 ಟನ್ ಕಲ್ಲಿದ್ದಲು ಉರಿಸುತ್ತದೆ. ದಶಕಗಳ ಕಾಲ ಅದರ ಬೂದಿಯನ್ನು ಸರೋವರದ ನೀರಿನಲ್ಲೇ ಕಲಸಿ ಸರೋವರಕ್ಕೇ ಬಿಡುತ್ತಿದ್ದರು, ವರ್ಷಕ್ಕೆ 500 ಟನ್‌ಗೂ ಹೆಚ್ಚು. ಕಲ್ಲಿದ್ದಲಿನ ಬೂದಿಯಲ್ಲಿ ಆರ್ಸೆನಿಕ್, ಸೀಸ, ಪಾದರಸದ ಅಂಶಗಳಿರುತ್ತವೆ. ಲಕ್ಷಾಂತರ ಜನ ಕುಡಿಯುವ ನೀರು ಅದು. ಹಡಗಿನ ಮೇಲೆ ಎಷ್ಟೇ ಪ್ರೀತಿ ಇದ್ದರೂ ಇದನ್ನು ಸಮರ್ಥಿಸಲಾಗದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೊಟ್ಟಿದ್ದ ಅನುಮತಿಯ ಅವಧಿ 2012ರ ಕೊನೆಗೆ ಮುಗಿಯಿತು. 2013ರಲ್ಲಿ ನ್ಯಾಯಾಲಯದ ಮೂಲಕ ಆದ ಒಪ್ಪಂದದಂತೆ 2015ರ ಋತುವಿಗೆ ಮುಂಚೆ ಇದು ಪೂರ್ತಿ ನಿಲ್ಲಬೇಕಿತ್ತು. ಮೊದಲ ಚಳಿಗಾಲದಲ್ಲಿ ಬಾಯ್ಲರ್‌ಗಳಿಗೆ ಹೊಸ ದಹನ ನಿಯಂತ್ರಣ ಅಳವಡಿಸಿ ಕಲ್ಲಿದ್ದಲಿನ ಖರ್ಚನ್ನೂ ಬೂದಿಯನ್ನೂ ಇಳಿಸಿದರು. ಮುಂದಿನ ಚಳಿಗಾಲದಲ್ಲಿ ಬೂದಿಯನ್ನು ಕನ್ವೇಯರ್ ಮೂಲಕ ಮುಚ್ಚಿದ ಪೆಟ್ಟಿಗೆಗಳಿಗೆ ತುಂಬಿ ದಡಕ್ಕೆ ಇಳಿಸುವ ಏರ್ಪಾಡು ಬಂತು. ಈಗ ಬೂದಿ ಸರೋವರಕ್ಕೆ ಹೋಗುವುದಿಲ್ಲ. ಚಿಮಣಿಯ ಹೊಗೆ ಉಳಿದಿದೆ.

ಪ್ರಯಾಣದ ಬಗ್ಗೆ. ಹಡಗು ಓಡುವುದು ಸಾಮಾನ್ಯವಾಗಿ ಮೇ ಮಧ್ಯದಿಂದ ಅಕ್ಟೋಬರ್‌ವರೆಗೆ. ಸುಮಾರು 600 ಜನ, 180 ವಾಹನ ಹಿಡಿಸುತ್ತದೆ. ಬೇಸಿಗೆಯ ವಾರಾಂತ್ಯಕ್ಕೆ ಮುಂಚೆಯೇ ಟಿಕೆಟ್ ಮಾಡಿಸಿ. ಕಾರನ್ನು ಹಡಗಿನೊಳಗೆ ಒಯ್ಯುವುದು ಸಿಬ್ಬಂದಿಯ ಕೆಲಸ, ಮತ್ತು ದಾರಿಯಲ್ಲಿ ಕಾರಿನ ಬಳಿ ಹೋಗಲು ಬಿಡುವುದಿಲ್ಲ. ಔಷಧಿ, ಸ್ವೆಟರ್, ಮಕ್ಕಳ ಸಾಮಾನು ಮೊದಲೇ ಕೈಚೀಲಕ್ಕೆ ಹಾಕಿಕೊಳ್ಳಿ. ಜುಲೈಯಲ್ಲೂ ನಡು ಸರೋವರದ ಗಾಳಿ ಚಳಿಯೇ. ಲಡಿಂಗ್ಟನ್‌ಗಿಂತ ಮ್ಯಾನಿಟೊವಾಕ್‌ನ ಗಡಿಯಾರ ಒಂದು ಗಂಟೆ ಹಿಂದೆ. ಹೋಗುವಾಗ ನಾಲ್ಕು ಗಂಟೆಯ ಪ್ರಯಾಣ ಗಡಿಯಾರದಲ್ಲಿ ಮೂರಾಗಿ, ಬರುವಾಗ ಐದಾಗಿ ಕಾಣುತ್ತದೆ. ಮರುಪ್ರಯಾಣದ ದಿನ ವಿಮಾನ ಹಿಡಿಯುವುದಿದ್ದರೆ ಈ ಲೆಕ್ಕ ತಪ್ಪಬಾರದು.

ಇನ್ನೂ ಒಂದು ಎಚ್ಚರಿಕೆ: ಹಡಗು ಚೆನ್ನಾಗಿದ್ದರೂ ದಕ್ಕೆ ಕೈಕೊಡಬಹುದು. ಸರೋವರದ ಮಟ್ಟಕ್ಕೂ ಹಡಗಿನ ಭಾರಕ್ಕೂ ತಕ್ಕಂತೆ ವಾಹನ ಏರುವ ಸೇತುವೆ ಮೇಲೆ ಕೆಳಗೆ ಆಡಬೇಕು, ಅದಕ್ಕೆ ಸಮತೂಕದ ಭಾರಗಳನ್ನು ತೂಗುಹಾಕಿರುತ್ತಾರೆ. 2023ರ ಜುಲೈ 21ರಂದು ಲಡಿಂಗ್ಟನ್‌ನಲ್ಲಿ ಈ ಸಮತೂಕದ ವ್ಯವಸ್ಥೆ ಕುಸಿದು ಆ ವರ್ಷದ ಉಳಿದ ಸಂಚಾರವೆಲ್ಲ ರದ್ದಾಯಿತು. ದುರಸ್ತಿ ಮುಗಿದು ಮತ್ತೆ ಹೊರಟದ್ದು 2024ರಲ್ಲಿ. ಆದ್ದರಿಂದ ಹೊರಡುವ ಹಿಂದಿನ ದಿನ ಒಮ್ಮೆ ವಿಚಾರಿಸಿಕೊಂಡು, ಷಿಕಾಗೋ ಸುತ್ತಿ ಹೋಗುವ ರಸ್ತೆಗೆ ಬೇಕಾಗುವ ಸಮಯವನ್ನೂ ನೋಡಿಟ್ಟುಕೊಳ್ಳಿ.